ಎಳೆ ಸುಟ್ಟು ನೋಡುವ ಟೀಚರ್

ತಾಳಿಕೋಟೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಬೀಡಿ ಸೇದುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಒಳಗೆ ಕಾಲಿಡುವಂತೆಯೂ ಇಲ್ಲ. ಇದು ನನ್ನ ಮಾವನವರ ಕಾಯ್ದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಕೂಡ ದೀಪವನ್ನು ಹೊರಗಿನ ಕಟ್ಟೆಯ ಮೇಲೆ ಹಚ್ಚಿ, ಕೈಯಿಂದ ಮರೆಮಾಡಿಕೊಂಡು ಒಳಗೆ ತರುತ್ತೇವೆ. ಇಂಥ ಅಂಗಡಿಗೆ ಪರ್ಸಿನಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ರಾಜಾರೋಷವಾಗಿ ಬರುತ್ತಿದ್ದವರು ಒಬ್ಬರೇ. ಅವರು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ನನಗೆ ಗೃಹವಿಜ್ಞಾನ ಕಲಿಸಿದ ಟೀಚರ್.

ಅವರು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಮಾವ ಗಲ್ಲಾದ ಹಿಂದಿನಿಂದಲೇ ನನ್ನನ್ನು ಕೂಗುತ್ತಿದ್ದರು. "ನಿಮ್ಮ ಟೀಚರ್ ಬಂದ್ರು ನೋಡವಾ. ಹೊರಗ ಕಟ್ಟಿ ಮ್ಯಾಲೆ ಕುಂಡ್ರಸು. ಬಾಜೂಕ ನೀರಿನ ತಂಬಿಗಿ ಇಡು."

ನೀರು ಕುಡಿಯಲು ಅಲ್ಲ, ಬೆಂಕಿ ಆರಿಸಲು. ಟೀಚರ್ ಅದನ್ನು ಮರ್ಯಾದೆ ಎಂದೇ ತಿಳಿದು ಮೊದಲು ಅರ್ಧ ಕುಡಿದುಬಿಡುತ್ತಿದ್ದರು. ಆಮೇಲೆ ಗಿರಾಕಿ ಆರಿಸಿದ ಸೀರೆಯ ಒಳಮಗ್ಗುಲಿನಿಂದ, ತೆಗೆದರೂ ಕಾಣದ ಜಾಗದಿಂದ, ಒಂದು ಎಳೆ ಬಿಡಿಸಿಕೊಂಡು, ಎರಡು ಬೆರಳಿನ ನಡುವೆ ಹೊಸೆದು, ಚಿಮಟಿಯಲ್ಲಿ ಹಿಡಿದು ಕಡ್ಡಿ ಗೀರುತ್ತಿದ್ದರು. ಎಳೆ ಉರಿಯುವಾಗ ಅವರ ಕಣ್ಣು ಮುಚ್ಚಿರುತ್ತಿತ್ತು. ಮೂಗು ಮಾತ್ರ ಮುಂದೆ ಬಂದಿರುತ್ತಿತ್ತು. ಗಿರಾಕಿಗಳು, ಮಾವ, ನಾನು, ಎದುರಿನ ಬಳೆ ಅಂಗಡಿಯವರು, ಎಲ್ಲರೂ ಉಸಿರು ಬಿಗಿಹಿಡಿದು ಆ ಮೂಗನ್ನೇ ನೋಡುತ್ತಿದ್ದೆವು. "ಸೆರಗು ಖರೇ ರೇಷ್ಮಿನ ಐತಿ, ತಗೋರಿ" ಎಂದರೆ ಮಾವ ಮೀಸೆಯ ಮೇಲೆ ಕೈ ಎಳೆಯುತ್ತಿದ್ದರು. "ಇದು ಕೃತಕ ರೇಷ್ಮಿ, ಆದ್ರೂ ಬಣ್ಣ ಚಲೋ ಐತಿ" ಎಂದರೆ, ತಮಗೆ ಮೊದಲೇ ಗೊತ್ತಿತ್ತು ಎನ್ನುವಂತೆ ಸೀರೆಯನ್ನು ಬೇರೆ ಕಪಾಟಿಗೆ ಸರಿಸುತ್ತಿದ್ದರು.

ಮಾವನವರ ಹತ್ತಿರ ಟೀಚರಿಗೆ ಸಿಗದ ವಸ್ತು ಒಂದೇ ಒಂದು ಇತ್ತು. ಅವರು ಕೂರುವ ಗಾದಿಯ ಮೇಲೆ ಹಾಸಿದ ಕರಿ ಕಂಬಳಿ. ಬಸವನ ಬಾಗೇವಾಡಿಯ ಸಂತೆಯಲ್ಲಿ ಒಬ್ಬ ವ್ಯಾಪಾರಿ ಆಣೆ ಮಾಡಿ, ಅಪ್ಪಟ ಕುರಿ ಉಣ್ಣೆ ಎಂದು ಕೊಟ್ಟಿದ್ದನಂತೆ. ಹುಣಸೆ ಬೀಜದ ಗಂಜಿ ಕುಡಿದು ಗಟ್ಟಿಯಾಗಿದ್ದ ಅದನ್ನು ಮಾವ ಬಂದವರಿಗೆಲ್ಲ ಮುಟ್ಟಿಸುತ್ತಿದ್ದರು. ಅದನ್ನು ಮುಟ್ಟಿದ ಟೀಚರ ಹುಬ್ಬು ಮಾತ್ರ ಸ್ವಲ್ಪ ಮೇಲೇರಿತ್ತು.

"ಒಂದು ಎಳಿ ಕೊಡ್ರಿ ಸಾಹುಕಾರ್ರ, ನೋಡೇ ಬಿಡೋಣು."

"ಸೀರಿ ಎಷ್ಟರ ಸುಡ್ರಿ ಟೀಚರ್. ಇದನ್ನ ಮುಟ್ಟಬ್ಯಾಡ್ರಿ. ಇದು ನನ್ನ ಗದ್ದಿಗಿ."

ಪ್ರತಿ ಸಲವೂ ಇದೇ ಮಾತು. ಅವರು ಕೇಳುವುದನ್ನು ಬಿಡಲಿಲ್ಲ, ಇವರು ಕೊಡಲಿಲ್ಲ.

ಟೀಚರ್ ಕುಳ್ಳಗಿದ್ದರು, ಈಗಲೂ ಹಾಗೇ ಇದ್ದಾರೆ. ದಪ್ಪ ಕನ್ನಡಕ, ಇಳಕಲ್ ಸೀರೆ, ಕೈಯಲ್ಲಿ ಒಂದು ಚೀಲ. ಎದುರಿಗೆ ಸಿಕ್ಕವರ ಕ್ಷೇಮ ಕೇಳುವ ಮೊದಲು ಅವರ ಬಟ್ಟೆಯ ತುದಿ ಹಿಡಿದು ನೋಡುವುದು ಅವರ ಅಭ್ಯಾಸ. ಗೊತ್ತಿಲ್ಲದವರು ಗಾಬರಿಯಾಗುತ್ತಿದ್ದರು. ಗೊತ್ತಿದ್ದವರು ತಾವಾಗಿಯೇ ಸೆರಗು ಮುಂದೆ ಚಾಚುತ್ತಿದ್ದರು.

ಅವರ ಮೊದಲ ಪಾಠ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪುಸ್ತಕ ಮುಚ್ಚಿಡಲು ಹೇಳಿ, ತಮ್ಮ ತಲೆಯಿಂದಲೇ ಒಂದು ಕೂದಲು ಕಿತ್ತು ಸುಟ್ಟರು. ನಾವೆಲ್ಲ ಮೂಗು ಮುಚ್ಚಿಕೊಂಡೆವು. ಆಮೇಲೆ ಒಂದು ರೇಷ್ಮೆ ಎಳೆ, ಆಮೇಲೆ ಕುರಿಯ ಉಣ್ಣೆ. ಮೂರಕ್ಕೂ ಒಂದೇ ನಾತ.

"ನೋಡ್ರವ್ವಾ, ಕುರಿ, ರೇಷ್ಮಿ ಹುಳಾ, ನಾನು, ಎಲ್ಲಾರೂ ಒಂದ ಮನೆತನದವರು" ಎಂದರು. "ಮೈಯಿಂದ ಹುಟ್ಟಿದ ಎಳಿ ಹಿಂಗ ನಾರತೈತಿ. ಹತ್ತಿ, ಪುಂಡಿ, ಸೆಣಬು ಗಿಡದ್ದು, ಅವು ಕಾಗದ ಸುಟ್ಟಂಗ ಸುಡತಾವು, ಬೂದಿ ಮೆತ್ತಗ ಬೀಳತೈತಿ. ಕಾರಖಾನ್ಯಾಗ ಹುಟ್ಟಿದ್ದು ಕರಗಿ ಗುಂಡಾಗತೈತಿ, ಒತ್ತಿದ್ರ ಒಡಿಯೂದಿಲ್ಲ. ಇಷ್ಟ ಪಾಠ. ಉಳಿದದ್ದು ಪರೀಕ್ಷಾಕ್ಕ ಓದಕೋರಿ."

ಪುಂಡಿಪಲ್ಯ ತಿನ್ನುತ್ತ ಬೆಳೆದ ನಮ್ಮಿಂದ ಪುಂಡಿಕಟ್ಟಿಗೆ ತರಿಸಿ, ಶಾಲೆಯ ಹಿಂದಿನ ತೊಟ್ಟಿಯಲ್ಲಿ ನೆನೆಹಾಕಿಸಿದರು. ಅದು ಕೊಳೆತು ಎದ್ದ ವಾಸನೆಗೆ ಹೆಡ್‌ಮಾಸ್ತರರು ತಮ್ಮ ಕೋಣೆಯ ಕಿಟಕಿ ಮುಚ್ಚಿಸಿದರು, ಪಕ್ಕದ ಮನೆಯವರು ಜಗಳಕ್ಕೆ ಬಂದರು. ಟೀಚರ್ ಮಾತ್ರ ದಿನಾ ತೊಟ್ಟಿಯ ಮೇಲೆ ಬಗ್ಗಿ, ಹೆಣ್ಣುಮಕ್ಕಳು ಸಾರಿನ ಹದ ನೋಡುವಂತೆ ಮೂಸಿ, "ಇನ್ನೂ ಹದಾ ಬಂದಿಲ್ಲ" ಎಂದು ಹೋಗುತ್ತಿದ್ದರು. ಒಂದು ಬೆಳಿಗ್ಗೆ "ಇವತ್ತ ತಗೀರಿ" ಎಂದರು. ಕಟ್ಟಿಗೆಯಿಂದ ನಾರು ಬಾಳೆಹಣ್ಣಿನ ಸಿಪ್ಪೆ ಬಂದಂತೆ ಬಂತು. ಆ ನಾರಿನಲ್ಲಿ ನಾವು ಹೊಸೆದ ಹಗ್ಗದಿಂದಲೇ ಶಾಲೆಯ ಗಂಟೆ ಬಹಳ ದಿನ ತೂಗುತ್ತಿತ್ತು.

ಆ ಮೂಗನ್ನು ಸೋಲಿಸಲು ನಾವು ಮಾಡದ ಹಂಚಿಕೆ ಇಲ್ಲ. ಅವರ ಕಣ್ಣಿಗೆ ಓಡನಿ ಕಟ್ಟಿ ಒಂದೊಂದೇ ಎಳೆ ಸುಡುತ್ತಿದ್ದೆವು. ಹತ್ತಿ, ಉಣ್ಣೆ, ನೈಲಾನ್ ರಿಬ್ಬನ್, ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಒಮ್ಮೆ ನನ್ನ ಗೆಳತಿ ಕಳ್ಳತನದಲ್ಲಿ ಬೇರೇನನ್ನೋ ಹಚ್ಚಿದಳು. ಟೀಚರ್ ಓಡನಿ ಬಿಚ್ಚದೆಯೇ, "ಇದು ಕಸಬರಿಗಿ ಕಡ್ಡಿ. ಮುರದಾಕಿನ ಹೋಗಿ ಕ್ಲಾಸ್ ಉಡಗು" ಎಂದರು.

ಅದೇ ಗೆಳತಿಯ ಮದುವೆ ಸಿಂದಗಿಯಲ್ಲಿ ಆಯಿತು. ಟೀಚರ್ ಅಕ್ಷತೆ ಹಾಕಲು ಬಂದವರು ಮಂಟಪಕ್ಕೆ ಹೋಗದೆ ನೇರವಾಗಿ ಅಡಿಗೆಯ ಪೆಂಡಾಲಿಗೆ ಹೋದರು. ಕಟ್ಟಿಗೆಯ ಒಲೆಗಳ ಮೇಲೆ ಹುಗ್ಗಿಯ ಹಂಡೆ, ಸುತ್ತ ಹೆಣ್ಣುಮಕ್ಕಳು, ಎಲ್ಲರ ಮೈಮೇಲೂ ಮದುವೆಗೆಂದು ತೆಗೆದ ಜಾರುವ ಮಿಂಚಿನ ಸೀರೆ. ಟೀಚರ್ ಒಬ್ಬಳ ಸೆರಗು ಹಿಡಿದು ನೋಡಿದವರೇ ಮದುಮಗಳ ತಾಯಿಯನ್ನು ಕರೆಸಿದರು.

"ಮನ್ಯಾಗ ಹಳೇ ನೂಲಿನ ಸೀರಿ ಎಷ್ಟ ಅದಾವ, ಎಲ್ಲಾ ತರ್ರಿ. ಇವನ್ನ ಉಟಗೊಂಡು ಒಲಿ ಮುಂದ ಯಾರೂ ನಿಲ್ಲಬಾರದು."

"ಮದುವ್ಯಾಗ ಹಳೇ ಸೀರಿ ಏನ್ರಿ ಟೀಚರ್, ಮಂದಿ ಏನಂದಾರು?"

"ನೂಲಿಗೆ ಬೆಂಕಿ ಹತ್ತಿದ್ರ ಜಗ್ಗಿ ಒಗೀಬಹುದು. ಇದು ಕರಗಿ ಮೈಗೆ ಅಂಟತೈತಿ. ನಮ್ಮ ಚಿಗವ್ವನ ಕೈ ನೋಡೇನಿ ನಾ. ಮಂದಿ ಅಂದದ್ದನ್ನ ನನ್ನ ಮುಂದ ಬಂದ ಹೇಳ್ರಿ ಅನ್ರಿ."

ಹಳೆಯ ಸೀರೆಗಳು ಬಂದವು. ಹೆಂಗಸರು ಗೊಣಗುತ್ತಲೇ ಸೀರೆ ಬದಲಿಸಿದರು. ಫೋಟೋದಲ್ಲಿ ಅಡಿಗೆಯವರೆಲ್ಲ ಮಾಸಿದ ಸೀರೆಯಲ್ಲಿ ನಿಂತಿದ್ದಾರೆಂದು ಮದುಮಗಳ ತಾಯಿ ಇಂದಿಗೂ ಹೇಳಿಕೊಳ್ಳುತ್ತಾರೆ. ಆದರೆ ಆಮೇಲೆ ಅವರ ಮನೆಯ ಯಾವ ಕಾರ್ಯದಲ್ಲೂ ಒಲೆಯ ಮುಂದೆ ಮಿಂಚಿನ ಸೀರೆ ಕಂಡಿಲ್ಲ.

ಇಷ್ಟು ಕೇಳಿದವರು ಟೀಚರ್ ಪಾಲಿಸ್ಟರಿನ ವೈರಿ ಎಂದುಕೊಂಡಾರು. ಹಾಗಿರಲಿಲ್ಲ. ಒಂದು ಚಳಿಗಾಲ ಇಂಡಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಾನೂ ಟೀಚರೂ ಬಸ್ಸಿಗೆ ಕಾಯುತ್ತಿದ್ದೆವು. ಒಬ್ಬ ಮನುಷ್ಯ ಶಾಲು ಮಾರುತ್ತ, "ಪ್ಯೂರ್ ಉಲ್ಲನ್, ಪ್ಯೂರ್ ಉಲ್ಲನ್" ಎಂದು ಕೂಗುತ್ತಿದ್ದ. ಟೀಚರ್ ಒಂದು ಶಾಲು ಕೊಂಡು, ಗೊಂಡೆಯಿಂದ ಎಳೆ ತೆಗೆದು ಕಂಬದ ಮರೆಯಲ್ಲಿ ಸುಟ್ಟರು. ಎಳೆ ಭಗ್ಗೆಂದು ಉರಿದು ಕರ್ರಗೆ ಗಂಟು ಕಟ್ಟಿತು. ಈಗ ಅವನಿಗೆ ಗ್ರಹಚಾರ ಕಾದಿದೆ ಎಂದುಕೊಂಡೆ. ಟೀಚರ್ ಅವನನ್ನು ಹತ್ತಿರ ಕರೆದು, ಯಾರಿಗೂ ಕೇಳದಂತೆ ಹೇಳಿದರು.

"ತಮ್ಮಾ, ಇದು ಉಣ್ಣಿ ಅಲ್ಲ, ಆಕ್ರಿಲಿಕ್. ಬೆಚ್ಚಗ ಇರತೈತಿ, ಹಗರ ಐತಿ, ನುಸಿ ಹತ್ತೂದಿಲ್ಲ, ಒಗದ್ರ ಲಗೂನ ಒಣಗತೈತಿ. ಇಷ್ಟ ಗುಣ ಇದ್ದದ್ದಕ್ಕ ಮತ್ತೊಬ್ಬರ ಹೆಸರು ಯಾಕ ಹಚ್ಚತಿ? ಇದರ ಹೆಸರಲೇನ ಮಾರು."

ಅವನು ತಲೆ ಕೆರೆದುಕೊಂಡ. ನಮ್ಮ ಬಸ್ಸು ಹೊರಡುವಾಗ, "ನುಸಿ ಹತ್ತದ ಶಾಲ್ರೀ, ಹಗರ ಶಾಲ್ರೀ" ಎಂದು ಕೂಗುವುದು ಕೇಳಿಸಿತು. ಟೀಚರ್ ಆ ಶಾಲನ್ನು ಕಿವಿಗೆ ಸುತ್ತಿಕೊಂಡು, ಮುದ್ದೇಬಿಹಾಳ ಬರುವವರೆಗೂ ಸುಖವಾಗಿ ನಿದ್ದೆ ಮಾಡಿದರು. ಕೊಡೆಯ ಬಟ್ಟೆ ಹತ್ತಿಯದಾದರೆ ಏನಾಗುತ್ತದೆ, ತೊಟ್ಟಿಲ ಬಟ್ಟೆ ನೈಲಾನಿನದಾದರೆ ಏನಾಗುತ್ತದೆ ಎಂದು ಕೇಳಿ ನಮ್ಮನ್ನು ಪೇಚಿಗೆ ಸಿಕ್ಕಿಸುವುದು ಅವರ ಇನ್ನೊಂದು ಆಟ. ಪ್ರತಿ ಎಳೆಗೂ ಅದರದೇ ಜಾಗ ಇದೆ, ಆ ಜಾಗ ತಪ್ಪಿಸಬಾರದು, ಹೆಸರು ಬದಲಿಸಬಾರದು. ಅವರ ಸಿಟ್ಟೆಲ್ಲ ಇದರ ಮೇಲೆಯೇ.

ಅವರು ನಿವೃತ್ತರಾದರು. ಅಂಗಡಿಗೆ ಬರುವುದು ಇನ್ನೂ ಹೆಚ್ಚಾಯಿತು, ಮಾವನವರ ತಂಬಿಗೆ ನೀರಿನ ಖರ್ಚೂ ಹೆಚ್ಚಾಯಿತು. ಆಮೇಲೆ ಊರಿಗೆಲ್ಲ ಬಂದುಹೋದ ಆ ಜ್ವರ ಅವರಿಗೂ ಬಂತು. ಹೆಚ್ಚೇನೂ ತ್ರಾಸಿಲ್ಲದೆ ಎದ್ದರು ಎಂದು ಕೇಳಿ ಸಮಾಧಾನಪಟ್ಟೆವು. ಆದರೆ ಅಂಗಡಿಗೆ ಬರಲಿಲ್ಲ. ತಿಂಗಳುಗಳಾದ ಮೇಲೆ ಒಂದು ದಿನ ಬಂದರು. ನಾನು ತಂಬಿಗೆ ತರಲು ಎದ್ದರೆ, "ಬ್ಯಾಡ ಕುಂದರು" ಎಂದರು. ಅದೇ ಹೊತ್ತಿಗೆ ನಾಲತವಾಡದ ಗಿರಾಕಿಯೊಬ್ಬರು ಮಗಳ ಮದುವೆಯ ಸೀರೆ ಆರಿಸುತ್ತಿದ್ದವರು, ಟೀಚರನ್ನು ಕಂಡು ಖುಷಿಯಿಂದ ಸೆರಗು ಚಾಚಿದರು.

"ಬ್ಯಾಡವಾ. ಸಾಹುಕಾರ್ರು ರೇಷ್ಮಿ ಅಂದ್ರ ರೇಷ್ಮಿನ."

ಇಷ್ಟೇ ಹೇಳಿ ಟೀಚರ್ ಚಹಾ ಕೂಡ ಕುಡಿಯದೆ ಹೊರಟುಹೋದರು. ಇಷ್ಟು ವರ್ಷ ಈ ಮಾತಿಗಾಗಿ ಹಂಬಲಿಸಿದ ಮಾವ ಕುಣಿದಾಡಬೇಕಿತ್ತು. ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು.

"ಟೀಚರ್ ನನ್ನ ಮಾತು ನಂಬಿದ್ರು ಅಂದ್ರ ಏನೋ ಆಗೇತವಾ. ಹೋಗಿ ನೋಡಿ ಬಾ."

ಮರುದಿನವೇ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಟೀಚರ ಯಜಮಾನರು ಬಸ್ ಡಿಪೋದಲ್ಲಿ ಕ್ಲರ್ಕ್ ಆಗಿದ್ದವರು, ಅವರೂ ಈಗ ನಿವೃತ್ತರು. ನಾವು ಅವರನ್ನು ಕಾಕಾ ಎನ್ನುತ್ತೇವೆ. ಕಾಕಾ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಟೀಚರ್ ನಡುಮನೆಯಲ್ಲಿ ಅವರ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ನನ್ನ ಸೆರಗು ಹಿಡಿದು ನೋಡಿ, ಮಾವ ಹೇಗಿದ್ದಾರೆ, ವ್ಯಾಪಾರ ಹೇಗಿದೆ ಎಂದು ಕೇಳತೊಡಗಿದರು. ನನ್ನ ಮೂಗಿಗೆ ಕಮಟು ವಾಸನೆ ಬಡಿಯಿತು. ಅವರು ಮಾತಾಡುತ್ತಲೇ ಇದ್ದರು. ವಾಸನೆ ದಟ್ಟವಾಯಿತು. ಹೊಗೆಯ ಎಳೆಯೊಂದು ಅವರ ಬೆನ್ನ ಹಿಂದೆ ಎದ್ದಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಹಿತ್ತಲಿನಿಂದ ಓಡಿಬಂದರು.

"ಇಸ್ತ್ರಿ ತಗೀ ಮಾರಾಯ್ತಿ."

ಟೆರಿಕಾಟ್ ಅಂಗಿಯ ಬೆನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದ ತೂತು ಬಿದ್ದಿತ್ತು. ಟೀಚರ್ ಅದರ ಅಂಚಿನ ಕರಗಿದ ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಮೂಗು ಹೋಗೇತಿ ತಂಗಿ. ಜ್ವರದ ಜೋಡಿನ ಹೋತು. ಎಲ್ಲಾರಿಗೂ ತಿರುಗಿ ಬಂತು, ನನಗ ಬರಲಿಲ್ಲ."

"ಬೂದಿ ನೋಡಿ ಹೇಳಬಹುದಲ್ರಿ ಟೀಚರ್. ಗುಂಡು ಆತೋ ಬೂದಿ ಆತೋ ಕಣ್ಣಿಗೆ ಕಾಣತೈತಿ" ಎಂದೆ.

"ಕಾಣತೈತಿ. ಆದ್ರ ಅದು ಅರ್ಧಾ ಸಾಕ್ಷಿ. ಅರ್ಧಾ ಸಾಕ್ಷಿ ಮ್ಯಾಲೆ ಒಬ್ಬರ ಅಂಗಡಿ ಹೆಸರು ಕೆಡಸಬಾರದು, ಒಬ್ಬರ ಮಗಳ ಸೀರಿ ಖರೇ ಅನ್ನಬಾರದು." ತೂತು ಬಿದ್ದ ಅಂಗಿಯನ್ನು ಮಡಚಿಡುತ್ತ ಮತ್ತೆ ಹೇಳಿದರು. "ಹೊಸಾ ಸೀರಿ ಘಡಿ ಬಿಚ್ಚಿದ್ರ ಗಂಜಿ ವಾಸನಿ ಬರತಿತ್ತಲ್ಲಾ. ಈಗ ಏನೂ ಇಲ್ಲ. ಟಿವಿಯಾಗಿನ ಸೀರಿ ನೋಡಿದಂಗ ಆಗತೈತಿ."

ನನಗೆ ಅಳು ಬಂತು. ಅವರ ಮುಂದೆಯೇ ಅತ್ತುಬಿಟ್ಟೆ. ಅವರು ಅಳಲಿಲ್ಲ, ನನ್ನ ಸೆರಗಿನಿಂದಲೇ ನನ್ನ ಕಣ್ಣೊರೆಸಿ, "ನೂಲಿನ ಸೆರಗು, ಚಲೋ ಹೀರತೈತಿ" ಎಂದರು.

ವಿಜಯಪುರದ ಡಾಕ್ಟರು, ದಿನಾ ಘಾಟು ವಸ್ತುಗಳನ್ನು ಮೂಸಬೇಕು, ವಾಸನೆ ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ. ಅವರು ಲವಂಗ, ನಿಂಬೆಹಣ್ಣು ಎಂದು ಹೇಳಿದ್ದರು. ಟೀಚರ್ ಅದಕ್ಕೆ ತಮ್ಮದನ್ನೂ ಸೇರಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಉಣ್ಣೆ, ರೇಷ್ಮೆ, ಹತ್ತಿ ಒಂದೊಂದು ಎಳೆ ಸುಡುವುದು, ಕಾಕಾ ಪಕ್ಕದಲ್ಲಿ ಕೂತು ವಾಸನೆ ಹೇಳುವುದು. ಮೂರು ದಶಕ ಜೊತೆಗಿದ್ದರೂ ಕಾಕಾಗೆ ಈ ವಿದ್ಯೆ ಹತ್ತಿರಲಿಲ್ಲ.

"ಏನ್ ವಾಸನಿ ಬರಾಕತ್ತೈತ್ರಿ?"

"ಸುಟ್ಟ ವಾಸನಿ."

"ಸುಟ್ಟದ್ದು ನನಗೂ ಗೊತ್ತೈತಿ. ಏನು ಸುಟ್ಟದ್ದು?"

"ನೀ ಈಗ ಸುಟ್ಟಿಯಲ್ಲಾ, ಅದು."

ಉಣ್ಣೆ ತೀರಿದ ದಿನ ಟೀಚರ್ ಕಾಕಾನ ತಲೆಗೇ ಕೈ ಹಾಕಿದ್ದರಂತೆ. "ಇದ್ದ ನಾಕು ಕೂದಲಾ ಇಕಿ ಪ್ರಯೋಗಕ್ಕ ಹೋದ್ವು ನೋಡವಾ" ಎಂದು ಕಾಕಾ ತಲೆ ಸವರಿಕೊಂಡು ತೋರಿಸಿದರು. ನಾವು ಮೂವರೂ ನಕ್ಕೆವು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹೆದರಿಕೆಯಾಯಿತು. ಈ ಹೆಣ್ಣುಮಗಳು ಲೋಕವನ್ನು ಮೂಗಿನಿಂದ ಹಿಡಿದವರು. ಅದೇ ಇಲ್ಲವಾದರೆ ಎಲ್ಲಿಗೂ ಹೋಗದೆ, ಯಾರ ಸೆರಗನ್ನೂ ಮುಟ್ಟದೆ ಮನೆಯಲ್ಲೇ ಮುದುಡಿಬಿಡುತ್ತಾರೆ ಎನಿಸಿತು.

ಮಾವನವರಿಗೆ ಎಲ್ಲ ಹೇಳಿದೆ. ಸಂಜೆ ನೋಡಿದರೆ ಗಲ್ಲಾಪೆಟ್ಟಿಗೆಯ ಒಳಗೆ ಒಂದು ಹೊಸ ಕಡ್ಡಿಪೆಟ್ಟಿಗೆ ಕೂತಿತ್ತು. ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಟೀಚರಿಗೆ ಫೋನ್ ಹಚ್ಚು" ಎಂದರು. "ಸಂತಿ ದಿನಾ ಬಂದು ಹೋಗ್ರಿ ಅನ್ನು. ಹೊಸಾ ಮಾಲು ಬಂದೈತಿ, ಕೈಯಿಂದರ ಮುಟ್ಟಿ ಹೇಳ್ರಿ ಅನ್ನು."

ಟೀಚರ್ ಒಲ್ಲೆ ಎಂದರು, ಆಮೇಲೆ ಬಂದರು. ಪ್ರತಿ ಸಂತೆಗೂ ಬರತೊಡಗಿದರು. ಅವರು ಬಂದಾಗಲೆಲ್ಲ ಮಾವನವರೇ ಕಟ್ಟೆಗೆ ಬಂದು, ತಾವೇ ಕಡ್ಡಿ ಗೀರಿ ಒಂದು ರೇಷ್ಮೆ ಎಳೆ ಸುಟ್ಟು, "ಬಂತೇನ್ರಿ?" ಎನ್ನುತ್ತಿದ್ದರು. "ಇಲ್ರಿ" ಎನ್ನುತ್ತಿದ್ದರು ಟೀಚರ್. "ಮುಂದಿನ ಸಂತಿಗೆ ಬರತೈತಿ ಬಿಡ್ರಿ" ಎಂದು ಮಾವ ಚಹಾ ತರಿಸುತ್ತಿದ್ದರು. ಮಳೆಗಾಲ ಹೋಯಿತು, ಹತ್ತಿ ಬಿಡಿಸುವ ಕಾಲವೂ ಬಂತು. ಗೀರಿದ ಕಡ್ಡಿಗಳನ್ನು ಮಾವ ಒಂದೊಂದಾಗಿ ತಂಬಿಗೆಯಲ್ಲಿ ಮುಳುಗಿಸಿಯೇ ಒಳಗೆ ಬರುತ್ತಿದ್ದರು.

ಹೋದ ತಿಂಗಳ ಒಂದು ಸಂತೆಯ ದಿನ ಟೀಚರ್ ಬಂದವರು ಬಹಳ ಬಾಡಿದ್ದರು. "ಸಾಕ್ರಿ ಸಾಹುಕಾರ್ರ. ನಿಮ್ಮ ರೇಷ್ಮಿ ಸುಮ್ಮನ ಹಾಳಾಗತೈತಿ. ಇನ್ನ ನಾ ಬರೂದಿಲ್ಲ" ಎಂದರು.

ಮಾವ ಅವರನ್ನೊಮ್ಮೆ ನೋಡಿದರು. ಎದ್ದರು. ತಮ್ಮ ಗಾದಿಯ ಕಡೆ ಹೋಗಿ ಕಂಬಳಿಯ ತುದಿ ಎತ್ತಿ, ಹಲ್ಲಿನಿಂದ ಕಚ್ಚಿ, ಒಂದು ದಪ್ಪ ಎಳೆ ಕಿತ್ತರು.

"ರೇಷ್ಮಿ ವಾಸನಿ ಸಣ್ಣದು. ಕುರೀದು ಜೋರ ಇರತೈತಿ. ಇದನ್ನೊಂದು ನೋಡೇ ಬಿಡೋಣು."

ಮಾವ ಕಟ್ಟೆಯ ಮೇಲೆ ಕಡ್ಡಿ ಗೀರಿದರು. ಕಂಬಳಿಯ ಎಳೆ ಚಿಮಟಿಯ ತುದಿಯಲ್ಲಿ ಸುರುಟಿಕೊಂಡು ಹೊಗೆಯಾಡಿತು. ಟೀಚರ್ ಕಣ್ಣು ಮುಚ್ಚಿದರು. ಮೂಗು ಮುಂದೆ ಬಂತು. ನಾವು ಕಾದೆವು. ಅವರ ಮುಖ ನಿಧಾನವಾಗಿ ಕಿವುಚಿಕೊಂಡಿತು, ಕೆಟ್ಟ ನಾತಕ್ಕೆ ಯಾರದಾದರೂ ಕಿವುಚಿಕೊಳ್ಳುವಂತೆ.

"ನಾರಾಕತ್ತೈತಿ" ಎಂದರು. "ಕೂದಲಾ ಸುಟ್ಟಂಗ ನಾರಾಕತ್ತೈತಿ ತಂಗಿ. ನನಗ ಬರಾಕತ್ತೈತಿ."

ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ತಿಂಗಳ ಹೆದರಿಕೆ ಒಂದೇ ಉಸಿರಿಗೆ ಇಳಿದುಹೋಯಿತು. ಎದುರಿನ ಬಳೆ ಅಂಗಡಿಯವರು ಕೂಡ ಕೆಳಗಿಳಿದು ಬಂದರು. ಮಾವನವರು ಚಿಮಟಿ ಹಿಡಿದೇ ನಿಂತಿದ್ದರು. ಆಗ ಟೀಚರ್ ಕಣ್ಣು ತೆರೆಯದೆಯೇ ಇನ್ನೊಂದು ಕೈಯನ್ನು ಎತ್ತಿದರು.

"ತಡೀರಿ. ಇನ್ನೊಂದು ವಾಸನಿ ಐತಿ ಇದರಾಗ. ಕುರೀದಲ್ಲ." ಮತ್ತೊಮ್ಮೆ ಆಳವಾಗಿ ಎಳೆದುಕೊಂಡರು. ಕಣ್ಣು ತೆರೆದು, ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರು. ಅರ್ಧ ಪುಡಿಯಾಯಿತು. ಅರ್ಧ ಗಟ್ಟಿಯಾಗಿ ಉಳಿಯಿತು. "ಸಾಹುಕಾರ್ರ, ಬಾಗೇವಾಡ್ಯಾಗ ನಿಮಗ ಆಣಿ ಮಾಡಿದಂವ ಅರ್ಧಾ ಆಣಿ ಮಾಡ್ಯಾನ. ಇದರಾಗ ಆಕ್ರಿಲಿಕ್ ಕೂಡೇತಿ."

ಇಷ್ಟು ವರ್ಷ ಊರಿಗೆಲ್ಲ ಮುಟ್ಟಿಸಿದ ಗದ್ದಿಗೆ. ಮಾವನವರ ಮುಖ ಏನಾಗುತ್ತದೋ ಎಂದು ನಾನು ನೋಡಿದೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಹೌದ್ರಿ ಟೀಚರ್? ಕೂಡೇತೇನ್ರಿ? ಖರೇನ?" ಎಂದು ಮತ್ತೆ ಮತ್ತೆ ಕೇಳಿದರು. ಪ್ರತಿ ಸಲ ಟೀಚರ್ "ಹೌದ್ರಿ" ಎಂದಾಗಲೂ ಒಳ್ಳೆಯ ಸುದ್ದಿ ಕೇಳಿದವರಂತೆ ತಲೆದೂಗಿದರು. ಆಮೇಲೆ ಗಲ್ಲಾಪೆಟ್ಟಿಗೆಯಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು.

"ಇದನ್ನ ಮನೀಗೆ ಒಯ್ಯವಾ. ಅಂಗಡ್ಯಾಗ ಇದು ಇರಬಾರದು. ಟೀಚರ್ ಅವರದು ಅವರ ತರತಾರ."